ಮಾವನವರ ಟೊಂಕಕ್ಕೆ ಸೊಸೆಯ ಒದೆ

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಹಾಕಿದೆನಂತೆ. ಸೂಲಗಿತ್ತಿ ಗಾಬರಿಯಾಗಿದ್ದಳು, ಅಜ್ಜಿ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ನಮ್ಮವ್ವ ಮಾತ್ರ ಆ ದಿನದ ಬಗ್ಗೆ ಹೇಳುತ್ತಿದ್ದುದು ಒಂದೇ ಮಾತು: "ನಿನಗ ಮೊದಲಿಂದನೂ ಅವಸರ ಬೇ. ಹೊಟ್ಯಾಗ ತಿರುಗಾಕೂ ಪುರಸತ್ತ ಇರಲಿಲ್ಲ."

ಹೀಗೆ ಕಾಲು ಮುಂದಾಗಿ ಹುಟ್ಟಿದವರಿಗೆ ನಮ್ಮ ಆಳಂದದ ಕಡೆ 'ಪಾಯಾಳು' ಅನ್ನುತ್ತಿದ್ದರು. ಅದು ಮರಾಠಿ ಮಾತು. ಸೊಲ್ಲಾಪುರಕ್ಕೆ ಹೋಗಿಬರುವ ಬಂಡಿಗಳು ನಮ್ಮೂರಲ್ಲಿ ತಂಗುತ್ತಿದ್ದವು, ಅಂಥ ಮಾತುಗಳು ಆ ಬಂಡಿಗಳಿಂದ ಇಳಿದು ನಮ್ಮಲ್ಲೇ ಉಳಿದುಬಿಟ್ಟಿದ್ದವು. ಪಾಯಾಳು ಆದವರು ಕಾಲಿನಿಂದ ಟೊಂಕಕ್ಕೆ, ಅಂದರೆ ಸೊಂಟಕ್ಕೆ ಒದ್ದರೆ ಹಿಡಿದ ಉಳುಕು ಬಿಡುತ್ತದೆಂದು ಜನ ನಂಬಿದ್ದರು.

ನಾನು ನೆಟ್ಟಗೆ ನಿಲ್ಲಲು ಕಲಿತದ್ದೇ ತಡ, ಬೆಳಿಗ್ಗೆ ಬೆಳಿಗ್ಗೆ ನಮ್ಮ ಕಟ್ಟೆಗೆ ಜನ ಬರತೊಡಗಿದರಂತೆ. ಕುಂಬಾರ, ದರ್ಗಾದ ಓಣಿಯಲ್ಲಿ ಅತ್ತರು ಮಾರುವ ಮುದುಕ, ಚಾವಡಿಯ ಪೊಲೀಸ, ಒಮ್ಮೆ ಸಾಲಿಯ ಉರ್ದು ಮಾಸ್ತರರು. ಅವ್ವ ನನ್ನ ಕಾಲು ತೊಳೆದು ಬಿಡುವಳು. ಬಂದವರು ಅಂಗಳದಲ್ಲಿ ಬೋರಲು ಬೀಳುವರು. ನಾನು ಒದೆಯುವೆ, ಒದ್ದ ಮೇಲೆ ಕೈ ಮುಗಿಯುವೆ. ಹಿರಿಯರಿಗೆ ಕಾಲು ತಾಗಿಸಿದ್ದಕ್ಕೆ ಅಷ್ಟು ಮಾಡಲೇಬೇಕೆಂದು ಅವ್ವ ಕಟ್ಟು ಹಾಕಿದ್ದಳು. ಪೊಲೀಸನಿಗೆ ಒದ್ದ ದಿನ ಓಣಿಯ ಹುಡುಗರೆಲ್ಲ ಗೋಡೆ ಹತ್ತಿ ಕುಳಿತು, "ಇನ್ನೊಂದು ಹಾಕು, ಇನ್ನೊಂದು ಹಾಕು" ಎಂದು ಕೂಗಿದ್ದರು. ಒದೆಸಿಕೊಂಡವರು ಬೆಲ್ಲದ ತುಣುಕನ್ನೋ, ಹಸಿ ಕಡಲೆಯ ಸುಲಗಾಯಿಯನ್ನೋ ನನ್ನ ಕೈಗಿಟ್ಟು ಹೋಗುತ್ತಿದ್ದರು.

ನಮ್ಮಪ್ಪನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. "ಎಲ್ಲಾ ಸುಳ್ಳ" ಅನ್ನುತ್ತಿದ್ದ. ಆದರೆ ಹೊಲದ ಕೆಲಸ ಜೋರಾಗಿದ್ದ ದಿನಗಳಲ್ಲಿ, ಯಾರೂ ಇಲ್ಲದಾಗ, ಕಟ್ಟೆಯ ಮೇಲೆ ಬೋರಲು ಮಲಗಿ ನನ್ನನ್ನು ಕರೆಯುತ್ತಿದ್ದ. "ಬಾ ಬೇ, ಬೆನ್ನ ಮ್ಯಾಲ ನೊಣ ಕುಂತದ. ಕಾಲಿಲೆ ಓಡಿಸು."

ದೊಡ್ಡವಳಾದ ಮೇಲೆ ಗಂಡಸರಿಗೆ ಒದೆಯುವುದು ನಿಂತಿತು. ಹೆಂಗಸರು ಮಾತ್ರ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಮಹಾಯುದ್ಧದ ಸುದ್ದಿ ನಮ್ಮ ಕಡೆಗೂ ಬಂದು, ಸೀಮೆಎಣ್ಣೆ ಸಿಗುವುದು ಕಷ್ಟವಾಗತೊಡಗಿದ ವರ್ಷ ನನ್ನ ಮದುವೆಯಾಯಿತು. ಅಫಜಲಪುರದ ಒಕ್ಕಲುತನದ ಮನೆ. ನನ್ನನ್ನು ಬಂಡಿ ಹತ್ತಿಸುವಾಗ ಅವ್ವ ಕಿವಿಯಲ್ಲಿ ಹೇಳಿದಳು: "ಅಲ್ಲಿ ಹೋಗಿ ನಿನ್ನ ಕಾಲಿನ ಸುದ್ದಿ ತೆಗೀಬ್ಯಾಡ. ಒದಿಯೋ ಸೊಸಿ ಬಂದಾಳ ಅಂದ್ರ ಯಾರಿಗಿ ಛಲೋ ಅನಸ್ತದ?"

ಅಫಜಲಪುರದ ಮನೆಯಲ್ಲಿ ನಾವಿದ್ದುದು ನಾಲ್ಕೇ ಜನ: ಅತ್ತೆ, ಮಾವ, ನನ್ನ ಗಂಡ, ನಾನು. ಗಂಡನ ಅಕ್ಕನನ್ನು ಜೇವರ್ಗಿಗೆ ಕೊಟ್ಟಿದ್ದರು. ಮಾವನವರದು ಎತ್ತರದ ಆಳು, ದಪ್ಪ ಮೀಸೆ, ಹೊಲದಿಂದ ಕೂಗಿದರೆ ಮನೆಗೆ ಕೇಳುವ ದನಿ. ಹುಡುಗನಾಗಿದ್ದಾಗ ತಾಲೀಮಿನಲ್ಲಿ ಕುಸ್ತಿ ಆಡಿದವರು. ಅವರು ಪಡಸಾಲೆಗೆ ಬಂದರೆ ನಾನು ಸೆರಗು ಹಣೆಗೆಳೆದುಕೊಂಡು ಬಾಗಿಲ ಮರೆಗೆ ಸರಿಯಬೇಕು. ಅವರ ಎದುರು ಮಾತಾಡುವಂತಿಲ್ಲ. ಏನಾದರೂ ಕೇಳಿದರೆ ಮರೆಯಲ್ಲಿ ನಿಂತು ಬಳೆ ಸದ್ದು ಮಾಡಿದರಾಯಿತು, ಹೌದು ಎಂದು ಅರ್ಥ. ಇಲ್ಲ ಅನ್ನುವುದಕ್ಕೆ ಸದ್ದೇ ಇರಲಿಲ್ಲ. ಹೀಗಾಗಿ ಮದುವೆಯಾಗಿ ವರ್ಷವಾಗುತ್ತ ಬಂದರೂ ಮಾವನವರು ನನ್ನ ದನಿ ಕೇಳಿರಲಿಲ್ಲ. ನನಗೂ ಅವರ ಮುಖಕ್ಕಿಂತ ಅವರ ಜೋಡುಗಳ ಪರಿಚಯವೇ ಹೆಚ್ಚಾಗಿತ್ತು.

ಮಳೆಗಾಲಕ್ಕೆ ಮೊದಲು ಹಗೇವು ತೆಗೆದರು. ಹಗೇವು ಅಂದರೆ ಜೋಳ ಕೂಡಿಡುವುದಕ್ಕೆ ನೆಲದಲ್ಲಿ ತೋಡಿದ ಆಳವಾದ ಕುಣಿ. ಬಾಯಿ ಕಿರಿದು, ಒಳಗೆ ಹೊಟ್ಟೆ ದೊಡ್ಡದು. ಮುಚ್ಚಳ ತೆಗೆದು, ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ನನ್ನ ಗಂಡ ಒಳಗಿಳಿದ. ಅವನು ಬುಟ್ಟಿ ತುಂಬಿ ಕೊಡುವುದು, ಮೇಲಿನ ಆಳುಗಳು ಹಗ್ಗ ಹಿಡಿದು ಎಳೆಯುವುದು. ಅವರು ಎಳೆಯುವ ರೀತಿ ಮಾವನವರಿಗೆ ಸರಿಬರಲಿಲ್ಲ.

"ಸರೀರಿ ಆ ಕಡಿ. ನಿಮ್ಮ ಕೈಯಾಗ ಜೀವ ಅದನೋ ಇಲ್ಲೋ?" ಎಂದು ಅವರನ್ನು ದೂಡಿ, ಕುಣಿಯ ಬಾಯಿಗೆ ಬಗ್ಗಿ, ತುಂಬಿದ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಹೊರಳಿಸಿದರು. ಬುಟ್ಟಿ ಹೊರಳಿತು. ಮಾವನವರು ಮಾತ್ರ ಬಗ್ಗಿದವರು ಬಗ್ಗಿಯೇ ಉಳಿದರು.

ಕುಣಿಯೊಳಗಿಂದ ನನ್ನ ಗಂಡ ಕೂಗಿದ. "ಅಪ್ಪಾ, ಬುಟ್ಟಿ ಎಲ್ಲಿ ಹೋತು?"

"ಬುಟ್ಟಿ ಇರಲಿ. ನಾ ಎಲ್ಲಿ ಹೋದೆ ಅದನ್ನ ನೋಡು!"

ಇಬ್ಬರು ಆಳುಗಳ ಹೆಗಲ ಮೇಲೆ ಕೈ ಹಾಕಿ, ನೆಲ ನೋಡುತ್ತ ಅವರು ಮನೆಗೆ ಬಂದರು. ಆ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಅವರ ಮುಖ ಮೊದಲ ಸಲ ನನ್ನ ಮುಖಕ್ಕಿಂತ ಕೆಳಗೆ ಕಂಡಿತು.

ಆಮೇಲೆ ಮನೆ ದವಾಖಾನೆಯಾಯಿತು. ಅತ್ತೆ ಇಟ್ಟಂಗಿ ಕಾಸಿ ಬಟ್ಟೆಯಲ್ಲಿ ಸುತ್ತಿ ಟೊಂಕಕ್ಕೆ ಒತ್ತಿದರು. ನಾನು ಲಕ್ಕಿ ಗಿಡದ ಎಲೆ ಕುದಿಸಿದ ನೀರು ಹೊತ್ತು ತಂದೆ. ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿದೆವು. ಎಕ್ಕೆಯ ಎಲೆಗೆ ಎಣ್ಣೆ ಸವರಿ, ಬೆಚ್ಚಗೆ ಮಾಡಿ ಕಟ್ಟಿದೆವು. ನೋಡಲು ಬಂದವರೆಲ್ಲ ಒಂದೊಂದು ಔಷಧ ಹೇಳಿ ಹೋಗುವರು. ಹುಣಸೆ ಎಲೆ ಅನ್ನುವವರು, ಆಡಿನ ಹಾಲು ಅನ್ನುವವರು, ಕಂಬಳಿ ಸುತ್ತಿ ಬಿಸಿಲಿಗೆ ಹಾಕಿರಿ ಅನ್ನುವವರು. ಬಿಸಿಲಿಗೆ ಹಾಕುವ ಮಾತು ಬಂದಾಗ ಮಾವನವರು, "ನಾ ಏನ್ ಹಪ್ಪಳ ಏನ್ರಿ?" ಎಂದು ಗುಡುಗಿದರು. ಗುಡುಗಿದ್ದಕ್ಕೇ ಟೊಂಕ ಚುಳ್ಳೆಂದು ಮತ್ತೆ ನರಳಿದರು.

ತಾಲೀಮಿನ ವಸ್ತಾದರು ದಿನಾ ಬರುತ್ತಿದ್ದರು. ಹುಡುಗರಿಗೆ ಕುಸ್ತಿ ಕಲಿಸುವವರು ಅವರು, ಮಾವನವರ ಬಾಲ್ಯದ ಗೆಳೆಯರು. ಪೈಲವಾನರ ಕೈಕಾಲು ಉಳುಕಿದರೆ ತಿಕ್ಕಿ ಸರಿಮಾಡುವುದೂ ಅವರದೇ ಕೆಲಸ. ಆದರೆ ಮಾವನವರ ಮೇಲೆ ಅವರ ಕೈ ನಡೆಯಲಿಲ್ಲ. ಕೈ ಹತ್ತಿರ ಬಂದರೆ ಸಾಕು, ಮಾವನವರು ಉಸಿರು ಬಿಗಿಹಿಡಿದು ಮೈಯನ್ನು ಮರದ ಕೊರಡಿನಂತೆ ಮಾಡಿಕೊಳ್ಳುತ್ತಿದ್ದರು.

"ಏ ದೋಸ್ತಾ, ಮೈ ಸಡಲ ಬಿಡೋ. ಕಲ್ಲಿಗಿ ಎಣ್ಣಿ ತಿಕ್ಕಿದಂಗ ಆಗಾಕತ್ತದ ನನಗ."

"ನೀ ಮುಟ್ಟಬ್ಯಾಡ, ನಾ ಸಡಲ ಬಿಡ್ತೇನಿ."

"ಮುಟ್ಟದಂಗ ಹ್ಯಾಂಗ ತಿಕ್ಕಲಿ?"

ದಿನಾ ಇದೇ ಜಗಳ. ಮಾವನವರು ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಹೆದರುತ್ತಿದ್ದರು.

ಅಂಥದೊಂದು ಮಧ್ಯಾಹ್ನ ಬಳೆಗಾರ್ತಿ ಬಂದಳು. ಆಳಂದದ ಮುಸ್ಲಿಂ ಹೆಂಗಸು, ಬಳೆಯ ಮಲಾರ ಹೊತ್ತು ಸುತ್ತಲಿನ ಊರೆಲ್ಲ ತಿರುಗುವವಳು. ನಾನು ಚಿಕ್ಕವಳಿದ್ದಾಗಿನಿಂದ ಅವಳಿಗೆ ಚಾಚಿ ಅನ್ನುತ್ತಿದ್ದೆ. ಅತ್ತೆಯ ಕೈಗೆ ಹಸಿರು ಬಳೆ ಏರಿಸುತ್ತ ಕುಳಿತಿದ್ದಾಗ ಪಡಸಾಲೆಯಿಂದ ನರಳುವ ಸದ್ದು ಕೇಳಿ, "ಯಾರಿಗಿ ಏನಾಗ್ಯದ್ರಿ?" ಎಂದು ಕೇಳಿದಳು.

"ನಮ್ಮ ಮನಿಯವರಿಗಿ ಟೊಂಕ ಹಿಡದದ. ಏನ್ ಮಾಡಿದ್ರೂ ಬಿಡವಲ್ದು," ಅಂದರು ಅತ್ತೆ.

ಅಷ್ಟರಲ್ಲಿ ನಾನು ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದೆ. ಚಾಚಿ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಮತ್ತೆ ನನ್ನ ಕಾಲು ನೋಡಿದಳು.

"ಅಯ್ಯ ಅಲ್ಲಾ! ಈ ಪೋರಿ ನಿಮ್ಮ ಸೊಸೀ ಏನ್ರಿ? ಮನ್ಯಾಗ ಬಾವಿ ಇಟ್ಕೊಂಡು ಊರೆಲ್ಲಾ ನೀರಿಗಿ ತಿರುಗಾಕತ್ತೀರಲ್ರಿ! ಇಕಿ ಪಾಯಾಳು. ನನ್ನ ಟೊಂಕಕ್ಕ ಇಕಿ ಒದ್ದಾಳ, ನಮ್ಮ ಮನಿಯವರಿಗಿ ಒದ್ದಾಳ, ಪೊಲೀಸರಿಗಿ ಸುದ್ದಾ ಒದ್ದಾಳ!"

ನಾನು ಕಣ್ಸನ್ನೆ ಮಾಡಿದ್ದು ಅವಳಿಗೆ ಕಾಣಲೇ ಇಲ್ಲ. ಅತ್ತೆ ಅರ್ಧ ಬಳೆ ಏರಿದ ಕೈಯನ್ನು ಹಾಗೇ ಎತ್ತಿ ಹಿಡಿದು ನನ್ನ ಪಾದಗಳನ್ನು ನೋಡುತ್ತ ಕುಳಿತರು. ಬೈಯುತ್ತಾರೆಂದು ನಾನು ಕಾದೆ. ಅವರು ಕೇಳಿದ್ದು ಇಷ್ಟೇ: "ಯಾವ ಕಾಲು ಬೇ? ಎಡದೋ, ಬಲದೋ?"

ಸಂಜೆಗೆ ಮನೆಯಲ್ಲಿ ದೊಡ್ಡ ಪಂಚಾಯಿತಿ. ನನ್ನ ಗಂಡ ನಕ್ಕು ನಕ್ಕು ಕೆಮ್ಮಿದ. ನಾನು ಅತ್ತೆಯ ಹತ್ತಿರ ಕೈ ಜೋಡಿಸಿದೆ. "ಬ್ಯಾಡ್ರಿ ಅತ್ತಿ. ದಿನಾ ಅವರ ಕಾಲಿಗಿ ಬೀಳಾಕಿ ನಾ. ಅವರ ಮೈಗಿ ಕಾಲು ಹ್ಯಾಂಗ ಹಚ್ಚಲಿ?"

ಪಡಸಾಲೆಯಲ್ಲಿ ಮಾವನವರದೂ ಅದೇ ಹಟ. ವಸ್ತಾದರಿಗೆ ಅವರು ಹೇಳುತ್ತಿದ್ದುದು ಗೋಡೆಯಾಚೆಯಿಂದ ಕೇಳುತ್ತಿತ್ತು. "ಸೊಸಿ ಕಡಿಂದ ಒದಿಸ್ಕೊಂಡ ಅಂತ ಮಂದಿ ನಗ್ತಾರ. ಊರಾಗ ತಲಿ ಎತ್ತಲಿ ಹ್ಯಾಂಗ ನಾ?"

"ತಲಿ ಎತ್ತೂದು ಹಿಂದಾಗಡೆ ನೋಡೋಣು," ಅಂದರು ವಸ್ತಾದರು. "ಮೊದಲ ಟೊಂಕ ಎತ್ತು."

ಕಡೆಗೆ ದಾರಿ ಹುಡುಕಿದವರು ಅತ್ತೆ. ನಡುಮನೆ ಮತ್ತು ಪಡಸಾಲೆಯ ನಡುವಿನ ಬಾಗಿಲಿಗೆ ಹಳೆಯ ಬಟ್ಟೆ ಹೊಲಿದು ಮಾಡಿದ ಒಂದು ಕೌದಿ ಕಟ್ಟುವುದು. ಆ ಕಡೆ ಮಾವನವರು ಬೋರಲು ಮಲಗುವುದು, ಈ ಕಡೆ ನಾನು ನಿಲ್ಲುವುದು. ಕೌದಿಯ ಕೆಳಗೆ ಗೇಣಿನಷ್ಟು ಸಂದು. ಅಲ್ಲಿಂದ ಬರುವುದು ಬರೀ ಕಾಲು. ಅದು ಯಾರ ಕಾಲು ಅಂತ ಯಾರೂ ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ.

ಮರುದಿನ ಬೆಳಿಗ್ಗೆ ನನ್ನ ಗಂಡ ಕೌದಿ ಕಟ್ಟಿದ. ಮಾವನವರನ್ನು ಅವನೂ ವಸ್ತಾದರೂ ಸೇರಿ ಜಮಖಾನದ ಮೇಲೆ ಬೋರಲು ಮಲಗಿಸಿದರು. ನಾನು ಕಾಲು ತೊಳೆದು, ಚೌಕಟ್ಟು ಹಿಡಿದು, ಕಣ್ಣು ಮುಚ್ಚಿ ಸಂದಿಯಿಂದ ಕಾಲು ತೂರಿಸಿದೆ. ಅತ್ತೆ ಆ ಕಡೆ ಕುಳಿತು ಬಂಡಿ ಹೊಡೆಯುವವರಂತೆ ದಾರಿ ತೋರಿಸುತ್ತಿದ್ದರು. "ಬಲಕ್ಕ... ಇನ್ನಷ್ಟು ಬಲಕ್ಕ... ಹಾಂ, ಈಗ!"

ಒದ್ದೆ.

"ಏ ಯವ್ವಾ! ನನ್ನ ಟೊಂಕ ಛಲೋ ಅದ!" ಎಂದು ಕೂಗಿದವರು ವಸ್ತಾದರು. ಅವರು ಪಕ್ಕದಲ್ಲಿ ಕುಳಿತದ್ದನ್ನು ಅತ್ತೆ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾನು ಕಾಲು ಹಿಂದಕ್ಕೆಳೆದುಕೊಂಡು ಬಾಯಿಗೆ ಸೆರಗು ತುರುಕಿಕೊಂಡೆ. ಎರಡನೆಯ ಸಲ ಮಾವನವರ ಟೊಂಕಕ್ಕೇ ತಾಗಿತು. ಆದರೆ ಹೆದರಿಕೆಗೆ ಕಾಲಲ್ಲಿ ಬಲವೇ ಬರಲಿಲ್ಲ. ಕೌದಿಯ ಆಚೆಯಿಂದ ಮಾವನವರ ದನಿ ಬಂತು.

"ಏನದು? ಬೆಕ್ಕು ನಡದಂಗ ಆತು."

ಮಾವನವರೇ ಮತ್ತೆ ಕೇಳಿದರು.

"ಮಗಳ, ರೊಟ್ಟಿ ತಿಂದಿಯೋ ಇಲ್ಲೋ?"

ನಾನು ಬಳೆ ಸದ್ದು ಮಾಡಿದೆ.

"ಬಳಿ ಸಪ್ಪಳ ನನಗ ತಿಳಿಯಂಗಿಲ್ಲ. ಬಾಯಿಲೆ ಹೇಳು."

"ತಿಂದೇನ್ರಿ," ಅಂದೆ.

"ಹಂಗಾರ ಒದಿ!"

ಒದ್ದೆ. ಆಳಂದದ ಅಂಗಳದಲ್ಲಿ ಪೊಲೀಸನಿಗೆ ಒದ್ದಂತೆಯೇ ಒದ್ದೆ. ಮಾವನವರು "ಅವ್ವಯ್ಯೋ" ಅಂದರು. ಆಮೇಲೆ ಕೌದಿ ಮೆಲ್ಲಗೆ ಅಲುಗತೊಡಗಿತು. ಮಾವನವರು ನಗುತ್ತಿದ್ದರು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಆಮೇಲೆ ಇಡೀ ಮೈಯಲ್ಲಿ. "ದೋಸ್ತಾ, ಇಕಿನ್ನ ನಿನ್ನ ತಾಲೀಮಿಗಿ ಸೇರಿಸ್ಕೋ," ಎಂದು ನಗುತ್ತಲೇ, ತಾವೇ ಮಗ್ಗುಲಿಗೆ ಹೊರಳಿದರು. ಹೊರಳಿದ ಮೇಲೆಯೇ ಅವರಿಗೆ ತಿಳಿದದ್ದು, ಟೊಂಕ ಹಿಡಿದಾಗಿನಿಂದ ಯಾರ ಕೈಯಾಸರೆಯಿಲ್ಲದೆ ಹೊರಳಿದ್ದು ಅದೇ ಮೊದಲ ಸಲವೆಂದು.

ಎದ್ದು ನಿಂತರು ಅಂತ ಹೇಳಿದರೆ ಕತೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ. ಟೊಂಕ ಇನ್ನೂ ಬಾಗಿಯೇ ಇತ್ತು, ನೋವೂ ಇತ್ತು. ಆದರೆ ಮೈಯ ಬಿಗಿ ಹೋಗಿತ್ತು. ನನ್ನ ಒದೆಗೋ, ಅವರ ನಗೆಗೋ, ಅಷ್ಟು ದಿನ ಕೊಟ್ಟ ಶಾಖಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ವಸ್ತಾದರು ಅದೇ ಹೊತ್ತಿಗೆ ಎಣ್ಣೆ ಹಚ್ಚಿ ಕೈ ಇಟ್ಟರು. ಮಾವನವರು ಉಸಿರು ಬಿಗಿಹಿಡಿಯಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಒಂದೇ ಕ್ರಮ. ಮೊದಲು ಬಿಸಿ ಉಸುಕಿನ ಗಂಟಿನ ಶಾಖ. ಆಮೇಲೆ ಎಣ್ಣೆ. ಆಮೇಲೆ ಕೌದಿಯ ಕೆಳಗಿನಿಂದ ನನ್ನ ಕಾಲು. ಈಗ ಒದೆಯುವುದಲ್ಲ, ಪಾದವನ್ನು ಬೆನ್ನಿನ ಮೇಲಿಟ್ಟು ಮೆಲ್ಲಗೆ ಒತ್ತುವುದು. ವಸ್ತಾದರು ಹೇಳಿಕೊಟ್ಟರು: "ನಡು ಎಲುಬಿನ ಮ್ಯಾಲ ಕಾಲಿಡಬ್ಯಾಡ ಯವ್ವಾ. ಎರಡೂ ಬಾಜೂಕ ಮಾಂಸ ಅದಲ್ಲ, ಅದರ ಮ್ಯಾಲ ಒತ್ತು. ಅವರು ಉಸಿರು ಬಿಟ್ಟಾಗ ಭಾರ ಹಾಕು, ತೊಗೊಂಡಾಗ ಹಗುರ ಮಾಡು." ನನಗೆ ಒದೆಯಲು ಮಾತ್ರ ಗೊತ್ತಿತ್ತು. ಕಾಲಿನ ಅಡಿಯಿಂದ ಕೇಳಿಸಿಕೊಳ್ಳಬಹುದೆಂದು ಗೊತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ಎಲ್ಲಿ ಗಂಟು ಕಟ್ಟಿದೆ, ಎಲ್ಲಿ ಸಡಿಲವಿದೆ ಎಂಬುದು ನನ್ನ ಪಾದಕ್ಕೆ ತಿಳಿಯತೊಡಗಿತು. ಹಿಟ್ಟು ಹದಕ್ಕೆ ಬಂದದ್ದು ಕೈಗೆ ತಿಳಿಯುತ್ತದಲ್ಲ, ಹಾಗೆ.

ಒಂದು ಬೆಳಿಗ್ಗೆ ಹೀಗೆ ಒತ್ತುತ್ತಿರುವಾಗ ಆಯ ತಪ್ಪಿ ಕೌದಿ ಹಿಡಿದೆ. ಹಗ್ಗ ಹರಿದು ಕೌದಿ ಸಮೇತ ಪಡಸಾಲೆಗೆ ಮುಗ್ಗರಿಸಿದೆ. ಸೆರಗು ಹೆಗಲಿಗೆ ಜಾರಿತ್ತು. ಮಾವನವರು ಕತ್ತು ತಿರುಗಿಸಿ ನೋಡಿದರು. ನಾನು ಕೌದಿಯನ್ನೇ ತಲೆಯ ಮೇಲೆ ಎಳೆದುಕೊಳ್ಳಲು ನೋಡಿದೆ.

ಅತ್ತೆ ಹಗ್ಗ ತರಲು ಎದ್ದರು. ಮಾವನವರು ತಡೆದರು. "ಇರಲಿ ಬಿಡು. ದಿನಾ ಅದನ್ನ ಯಾರು ಕಟ್ಟೋರು? ಮಳಿ ಹಿಡದ್ರ ಹೊಚ್ಚಿಕೊಳ್ಳಾಕ ಬೇಕಾಗ್ತದ." ಅಷ್ಟು ಹೇಳಿ ಮತ್ತೆ ಮುಖ ಕೆಳಗೆ ಮಾಡಿ ಮಲಗಿದರು. ಕೌದಿ ಮತ್ತೆ ಬಾಗಿಲಿಗೆ ಏರಲಿಲ್ಲ.

ಸ್ವಲ್ಪ ಚೇತರಿಸಿಕೊಂಡ ಮೇಲೆ ವಸ್ತಾದರು ನಡೆಯಲು ಹೇಳಿದರು. ಹಾಸಿಗೆ ಹಿಡಿದು ಮಲಗಿದರೆ ಟೊಂಕಕ್ಕೆ ತುಕ್ಕು ಹಿಡಿಯುತ್ತದೆ ಎಂಬುದು ಅವರ ಮಾತು. ಆದರೆ ಕೋಲು ಹಿಡಿದು ಬಜಾರದಲ್ಲಿ ನಡೆಯಲು ಮಾವನವರು ಒಪ್ಪಲಿಲ್ಲ. ಹೀಗಾಗಿ ಬೆಳಕು ಹರಿಯುತ್ತಲೇ ಹೊಲದ ದಾರಿ ಹಿಡಿಯುತ್ತಿದ್ದೆವು. ಮುಂದೆ ಮಾವನವರು, ಹಿಂದೆ ಅತ್ತೆ, ಅವರ ಹಿಂದೆ ತಲೆಯ ಮೇಲೆ ಬುತ್ತಿ ಹೊತ್ತು ನಾನು. ಮೊದಮೊದಲು ಊರ ಹೊರಗಿನ ಬೇವಿನ ಗಿಡದ ತನಕ, ಆಮೇಲೆ ಹಳ್ಳದ ತನಕ, ಮುಂಗಾರು ಬಿತ್ತುವ ಹೊತ್ತಿಗೆ ನಮ್ಮ ಹೊಲದ ತನಕ.

ಆ ನಡಿಗೆಯಲ್ಲಿ ಮಾವನವರು ನನ್ನೊಡನೆ ಮಾತಾಡತೊಡಗಿದರು. ಮುಖ ತಿರುಗಿಸದೆ, ದಾರಿಯನ್ನೇ ನೋಡುತ್ತ. "ಆ ಪೊಲೀಸ ಒದಿಸ್ಕೊಂಡ ಮ್ಯಾಲ ಏನಂದ?" "ಸಲಾಮ ಮಾಡಿದನ್ರಿ." "ಮಾಸ್ತರ?" "ಅವರು ಮರುದಿನ ಸಾಲ್ಯಾಗ ನನಗ ಪಾಠ ಕೇಳಲೇ ಇಲ್ರಿ." ಮಾವನವರು ಕೋಲಿನ ಮೇಲೆ ಭಾರ ಹಾಕಿ ನಿಂತು ನಗುವರು. ಅತ್ತೆ ಹಿಂದಿನಿಂದ, "ನಡೀರಿ, ನಡೀರಿ, ನಿಂತು ನಗಬ್ಯಾಡ್ರಿ" ಎಂದು ಗದರಿಸುವರು. ಇಷ್ಟು ದಿನ ಒಂದೇ ಮನೆಯಲ್ಲಿದ್ದೂ ಈ ಮನುಷ್ಯ ಇಷ್ಟು ನಗುತ್ತಾರೆಂದು ನನಗೆ ತಿಳಿದೇ ಇರಲಿಲ್ಲ.

ನೋವು ಕಡಿಮೆಯಾದದ್ದೇ ತಡ, ಅವರಿಗೆ ಹಳೆಯ ಹುರುಪು ಬಂತು. ನಾನು ಹಿತ್ತಲಲ್ಲಿ ಕೂತು ಬೀಸುತ್ತಿದ್ದೆ, ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ತಲೆಯೆತ್ತಿ ನೋಡಿದರೆ ಮಾವನವರು ಬಚ್ಚಲ ಹತ್ತಿರ ನೀರು ತುಂಬಿದ ತಾಮ್ರದ ಹಂಡೆಗೆ ಎರಡೂ ಕೈ ಹಾಕಿ ಬಗ್ಗಿದ್ದಾರೆ. ಹಂಡೆ ಆಗಲೇ ನೆಲ ಬಿಟ್ಟಿತ್ತು.

"ಮಾವಾರ! ಇಡ್ರಿ ಅದನ್ನ ಕೆಳಗ!"

ಕೂಗಿದವಳು ನಾನೇ ಎಂದು ತಿಳಿಯಲು ನನಗೂ ಒಂದು ಕ್ಷಣ ಬೇಕಾಯಿತು. ಬೀಸುವ ಕಲ್ಲು ನಿಂತಿತು. ಅತ್ತೆಯ ಕೈಯ ಬಡಿತ ನಿಂತಿತು. ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿದಳು. ಆ ಮನೆಯಲ್ಲಿ ಅವರಿಗೆ ಹಾಗೆ ಕೂಗಿದವರು ಯಾರೂ ಇರಲಿಲ್ಲ. ಮಾವನವರು ನನ್ನನ್ನು ನೋಡಿದರು, ಹಂಡೆಯನ್ನು ನೋಡಿದರು, ಮೆಲ್ಲಗೆ ಕೆಳಗಿಟ್ಟರು.

"ಇಟ್ಟೇನಿ," ಅಂದರು. ಆಮೇಲೆ ಮೆತ್ತಗೆ, "ಹಂಡೆ ತುಂಬ್ಯದೋ ಇಲ್ಲೋ ನೋಡಾಕತ್ತಿದ್ದೆ ಅಷ್ಟೇ."

ಒಲೆಯ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗಲೇ ಅತ್ತೆಗೆ ಎಚ್ಚರ. ಆ ಸಂಜೆ ವಸ್ತಾದರು ಬಂದಾಗ ಮಾವನವರು ದೂರು ಹೇಳಿದರು: "ನಮ್ಮ ಮನ್ಯಾಗೂ ಒಬ್ಬಾಕಿ ವಸ್ತಾದ ಆಗ್ಯಾಳ. ನಿನಗಿಂತ ದನಿ ದೊಡ್ಡದು." ಹೇಳುವಾಗ ಅವರ ಮೀಸೆಯ ಕೆಳಗೆ ನಗು ಇತ್ತು. ಅಂದಿನಿಂದ ಮನೆಯಲ್ಲೂ ನಾನು ಅವರ ಎದುರು ಬಳೆ ಸದ್ದು ಮಾಡಿ ಮಾತಾಡುವುದು ನಿಂತಿತು.

ಸುದ್ದಿ ಊರಲ್ಲಿ ಹರಡಿತು. ಹೆಂಗಸರು ಬರತೊಡಗಿದರು. ಬಿತ್ತನೆ, ಕಳೆ, ರಾಶಿ, ನೀರು ಹೊರುವುದು, ಯಾರ ಟೊಂಕ ತಾನೇ ನೆಟ್ಟಗಿತ್ತು? ಮಂದಿ ನಗುತ್ತಾರೆ ಅಂದಿದ್ದ ಮಾವನವರು ಈಗ ತಾವೇ ಕಟ್ಟೆಯ ಮೇಲೆ ಕೂತು ಬಂದವರಿಗೆ ಬುದ್ಧಿ ಹೇಳುವರು. "ಒದಿಸ್ಕೊಂಡು ಹೋಗಿ ಮಲಗಬ್ಯಾಡ್ರಿ. ಶಾಖ ಕೊಡ್ರಿ, ನಡೀರಿ. ಭಾರ ಎತ್ತಬ್ಯಾಡ್ರಿ. ಎತ್ತಿದ್ರ ನಮ್ಮ ಸೊಸಿ ಒದರ್ತಾಳ."

ಹಿಂಗಾರು ಬಿತ್ತನೆ ಮುಗಿದು ಚಳಿ ಶುರುವಾದಾಗ ಜೇವರ್ಗಿಯಿಂದ ಕರೆ ಬಂತು. ನನ್ನ ಗಂಡನ ಅಕ್ಕ ಬಂಡಿಯಿಂದ ಬಿದ್ದು ತೋಳು ಮುರಿದುಕೊಂಡಿದ್ದಳು. ಅಂದೋಲಾದ ಕಡೆಯಿಂದ ಎಲುಬು ಕಟ್ಟುವವನು ಬಂದು ಬಿದಿರ ದಬ್ಬೆ ಇಟ್ಟು ಕಟ್ಟಿದ್ದ. ಎಲುಬು ಕೂಡಿತ್ತು, ಕಟ್ಟೂ ಬಿಚ್ಚಿದ್ದರು. ಆದರೆ ತೋಳು ಮೇಲೇಳುತ್ತಿರಲಿಲ್ಲ. ತಮ್ಮನ ಒದೆಯುವ ಹೆಂಡತಿಯನ್ನು ಕಳಿಸಿರಿ ಎಂದು ಅವಳು ಹೇಳಿಕಳಿಸಿದ್ದಳು.

ಮಾವನವರೇ ಬಂಡಿ ಕಟ್ಟಿಸಿದರು. ಅವರು, ಅತ್ತೆ, ನಾನು ಹೊರಟೆವು. ಬಂಡಿಯಲ್ಲಿ ಜೋಳದ ಕಣಿಕೆಯ ಮೇಲೆ ಕೌದಿ ಹಾಸಿ ಮಾವನವರನ್ನು ಕೂರಿಸಿದ್ದೆವು. ಆಗಾಗ ಬಂಡಿ ನಿಲ್ಲಿಸಿ ನಾನು, "ಇಳೀರಿ ಮಾವಾರ, ಒಂದಷ್ಟು ನಡೀರಿ" ಅನ್ನುತ್ತಿದ್ದೆ. ಅವರು ಗೊಣಗುತ್ತ ಇಳಿದು, ಎತ್ತುಗಳ ಜೊತೆ ನಡೆದು, ಮತ್ತೆ ಹತ್ತುವರು. ಭೀಮಾ ನದಿಯಲ್ಲಿ ನೀರು ಇಳಿದಿತ್ತು. ಗಾಲಿಯ ಅರ್ಧ ಮುಳುಗುವಷ್ಟು ನೀರಲ್ಲಿ ಬಂಡಿ ದಾಟುವಾಗ ಅತ್ತೆ ಕಣ್ಣು ಮುಚ್ಚಿ ಕುಳಿತಿದ್ದರು. ಮಾವನವರು ನೀರಿಗೆ ಇಳಿದು ನಡೆದೇ ದಾಟಿದರು. ತಣ್ಣೀರು ಚಿಮ್ಮಿ ಟೊಂಕಕ್ಕೆ ತಾಗಿದಾಗ ಹಾಕಿದ ಕೇಕೆ ಆಚೆ ದಡದ ಕೊಕ್ಕರೆಗಳನ್ನು ಎಬ್ಬಿಸಿತು.

ಜೇವರ್ಗಿಯ ಮನೆಯಲ್ಲಿ ಅಕ್ಕ ನನ್ನನ್ನು ಕಂಡದ್ದೇ ಕೌದಿ ಹಾಸಿ ಮಲಗಲು ಹೊರಟಳು. ನಾನು ಅವಳ ತೋಳು ಮುಟ್ಟಿ ನೋಡಿದೆ. ಹೆಗಲು ಹಲಗೆಯಂತಾಗಿತ್ತು. ತೋಳು ಎದೆಯ ಮಟ್ಟಕ್ಕೆ ಬರುವುದರೊಳಗೆ ಅವಳ ಕಣ್ಣಲ್ಲಿ ನೀರು ಬಂತು.

"ಅಕ್ಕಾ, ಇದಕ್ಕ ನನ್ನ ಒದಿ ನಡಿಯಂಗಿಲ್ರಿ," ಅಂದೆ.

ಅವಳ ಮುಖ ಸಣ್ಣಗಾಯಿತು. "ಹಂಗಾರ ನೀ ಅಷ್ಟು ದೂರಿಂದ ಬಂದು ಏನ್ ಮಾಡ್ತಿ?"

ಏನು ಮಾಡಬೇಕೆಂದು ನನಗೂ ಖಾತ್ರಿ ಇರಲಿಲ್ಲ. ಮಾವನವರ ಬೆನ್ನಿನಿಂದ ಕಲಿತದ್ದೇ ಬಂಡವಾಳ: ಮೊದಲು ಬೆಚ್ಚಗೆ ಮಾಡು, ಆಮೇಲೆ ಸಡಿಲ ಮಾಡು, ಆಮೇಲೆ ನಡೆಸು. ಟೊಂಕವನ್ನು ನಡೆಸಬಹುದು, ಹೆಗಲನ್ನು ನಡೆಸುವುದು ಹೇಗೆ? ಮರುದಿನ ಬೆಳಿಗ್ಗೆ ಮಜ್ಜಿಗೆ ಕಡೆಯುತ್ತಿದ್ದ ಅವಳ ಅತ್ತೆಯನ್ನು ನೋಡುತ್ತ ಕುಳಿತಿದ್ದೆ. ಹಗ್ಗದ ಒಂದು ತುದಿ ಮುಂದೆ ಹೋದರೆ ಇನ್ನೊಂದು ಹಿಂದೆ ಬರುತ್ತದೆ. ಒಂದು ಕೈ ಎಳೆದರೆ ಇನ್ನೊಂದು ತಾನಾಗಿ ಹೋಗುತ್ತದೆ. ಆ ಹಗ್ಗ ಅಕ್ಕನ ಕೈಗೆ ಕೊಟ್ಟರೆ?

ಉಸುಕಿನ ಗಂಟಿನಿಂದ ಶಾಖ ಕೊಟ್ಟು, ಎಣ್ಣೆ ತಿಕ್ಕಿ, ಅವಳನ್ನು ಕಡಗೋಲಿನ ಮುಂದೆ ಕೂರಿಸಿದೆ. "ಛಲೋ ಕೈಲೆ ಎಳೀರಿ. ಆ ಕೈ ಏನೂ ಮಾಡೂದು ಬ್ಯಾಡ, ಸುಮ್ಮ ಹಗ್ಗ ಹಿಡಕೊಂಡು ಹೋಗಲಿ, ಬರಲಿ." ಅಕ್ಕ ಹಲ್ಲು ಕಚ್ಚಿ ಎಳೆದಳು. ಮೊದಲ ದಿನ ಬೆಣ್ಣೆಗಿಂತ ಬೈಗುಳವೇ ಹೆಚ್ಚು ಬಂತು. ನನಗೆ, ನನ್ನ ಗಂಡನಿಗೆ, ಬಂಡಿಯ ಎತ್ತುಗಳಿಗೆ, ಎಲ್ಲರಿಗೂ ಪಾಲಿತ್ತು.

ಇನ್ನೊಂದು ಮಾಡಿದೆವು. ಬೆರಳ ತುದಿಗೆ ಸುಣ್ಣದ ನೀರು ಅದ್ದಿಕೊಂಡು, ಮಣ್ಣಿನ ಗೋಡೆಯ ಮೇಲೆ ಬೆರಳುಗಳನ್ನೇ ಇರುವೆಯಂತೆ ಮೇಲೆ ಮೇಲೆ ನಡೆಸುವುದು. ನೋವು ನಿಲ್ಲಿಸಿದಲ್ಲಿ ಒಂದು ಬಿಳಿ ಗುರುತು. ದಿನ ಹೋದಂತೆ ಗೋಡೆಯ ಮೇಲೆ ಗುರುತುಗಳು ಏರತೊಡಗಿದವು. ಒಮ್ಮೊಮ್ಮೆ ನಿನ್ನೆಯ ಗುರುತಿಗಿಂತ ಕೆಳಗೇ ನಿಲ್ಲುತ್ತಿತ್ತು. ಆಗ ಅಕ್ಕ ಸಪ್ಪಗಾಗುವಳು. ಮಾವನವರು ಪಡಸಾಲೆಯಿಂದ, "ಇವತ್ತ ಥಂಡಿ ಅದ ಮಗಳ, ಇರವಿ ಸುದ್ದಾ ಲಗೂ ಏರಂಗಿಲ್ಲ" ಅನ್ನುವರು. ಮಗಳ ಜೊತೆ ತಾವೂ ಗೋಡೆಗೆ ನಿಂತು ಬೆರಳು ನಡೆಸುವರು. ಅವರ ಗುರುತು ಯಾವಾಗಲೂ ತೊಲೆಯ ಹತ್ತಿರ. "ಅಪ್ಪಾ, ನಿಮಗ ಟೊಂಕದ್ದು ಬ್ಯಾನಿ, ಕೈದು ಅಲ್ಲ," ಎಂದು ಅಕ್ಕ ಬೈದರೆ, "ಸೊಸಿ ಹೇಳ್ಯಾಳ, ಎಲ್ಲಾರೂ ಮಾಡಬೇಕು" ಅನ್ನುವರು. ನಾನು ಹಾಗೆ ಹೇಳಿರಲೇ ಇಲ್ಲ.

ಒಂದೆರಡು ವಾರಕ್ಕೆಂದು ಹೋದವರು ಎಳ್ಳಮವಾಸ್ಯೆಯ ತನಕ ಅಲ್ಲೇ ಉಳಿದೆವು. ಆ ದಿನ ಹೊಲಕ್ಕೆ ಹೋಗಿ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲಿ ಬರುವ ಹ‍ಬ್ಬ. ಬೆಳಿಗ್ಗೆಯಿಂದ ಸಜ್ಜೆಯ ಕಡುಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಎಂದು ಅಡುಗೆಮನೆ ತುಂಬಿತ್ತು. ಎಲ್ಲ ಬುಟ್ಟಿಗೆ ತುಂಬಿದ ಮೇಲೆ ಬೆಣ್ಣೆ ಮರೆತದ್ದು ನೆನಪಾಯಿತು. ಬೆಣ್ಣೆಯ ಗಡಿಗೆ ಇದ್ದುದು ನೆಲುವಿನ ಮೇಲೆ, ತೊಲೆಯಿಂದ ತೂಗುಬಿಟ್ಟ ಹಗ್ಗದ ಬುಟ್ಟಿಯಲ್ಲಿ. ನನಗದು ನಿಲುಕುತ್ತಿರಲಿಲ್ಲ. ಮಣೆ ತರಲು ಹೋದೆ.

ತಿರುಗಿ ಬಂದಾಗ ಅಕ್ಕ ನೆಲುವಿನ ಕೆಳಗೆ ನಿಂತಿದ್ದಳು. ಮುರಿದಿದ್ದ ತೋಳನ್ನು ಇನ್ನೊಂದರ ಜೊತೆಗೇ ಮೇಲೆತ್ತಿ, ತುದಿಗಾಲ ಮೇಲೆ ನಿಂತು, ಎರಡೂ ಕೈಯಿಂದ ಗಡಿಗೆ ಇಳಿಸುತ್ತಿದ್ದಳು. ತಾನು ಏನು ಮಾಡುತ್ತಿದ್ದೇನೆಂದು ಅವಳಿಗೇ ಅರಿವಿರಲಿಲ್ಲ. ಬಾಗಿಲಲ್ಲಿ ನಿಂತ ನನ್ನ ಅತ್ತೆ ಮಾತಾಡಬಾರದೆಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ಗಡಿಗೆ ಕೆಳಗಿಳಿಯಿತು. ಅಕ್ಕ ಅದನ್ನು ಸೊಂಟಕ್ಕಿಟ್ಟುಕೊಂಡು ತಿರುಗಿ ನಮ್ಮ ಮುಖ ನೋಡಿದಳು.

"ಏನ್ ಬೇ, ಹಿಂಗ್ಯಾಕ ನಿಂತೀರಿ? ಹೊತ್ತಾಗ್ಯದ," ಅಂದಳು. ಆಮೇಲೆ ತನ್ನ ಕೈ ನೋಡಿದಳು, ನೆಲುವು ನೋಡಿದಳು. ಗಡಿಗೆಯನ್ನು ಅಲ್ಲೇ ನೆಲಕ್ಕಿಟ್ಟು, ಆ ತೋಳನ್ನು ಮತ್ತೊಮ್ಮೆ ಮೇಲೆತ್ತಿ, ಇಳಿಸಿ, ಎತ್ತಿ, ಬಾಗಿಲಿನತ್ತ ಓಡಿದಳು. "ಅಪ್ಪಾ! ಅಪ್ಪಾ! ಇಲ್ಲಿ ನೋಡ್ರಿ!"

ಹೊಲದಲ್ಲಿ ಊಟಕ್ಕೆ ಕುಳಿತಾಗ ಎಲ್ಲರ ರೊಟ್ಟಿಗೂ ಬೆಣ್ಣೆ ಹಾಕಿದವಳು ಅವಳೇ. ಬೇರೆ ಯಾರಿಗೂ ಗಡಿಗೆ ಮುಟ್ಟಲು ಬಿಡಲಿಲ್ಲ. ಹಿಂಗಾರಿ ಜೋಳ ಆಳೆತ್ತರ ಬೆಳೆದು ಗಾಳಿಗೆ ತೊನೆಯುತ್ತಿತ್ತು. ಮಾವನವರು ಬೆಣ್ಣೆ ಸಾಕು ಅನ್ನಲೇ ಇಲ್ಲ, ಅಕ್ಕನೂ ಹಾಕುವುದನ್ನು ನಿಲ್ಲಿಸಲಿಲ್ಲ.